ಸಾಮಾಜಿಕ ಜಾಲತಾಣವೂ ನಾಗರಿಕ ಪ್ರಜ್ಞೆಯೂ

ಕಳೆದ ಮಳೆಗಾಲದ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ನಾಗರಿಕಶಾಸ್ತ್ರದ ಪಾಠ ನಡೆದಿತ್ತು. ಮಸೂದೆಯೊಂದು ಸಂಸತ್ತಿನ ಉಭಯ ಸದನಗಳ ಒಪ್ಪಿಗೆ ಪಡೆದು, ರಾಷ್ಟ್ರಪತಿಗಳ ಅಂಕಿತ ಬಿದ್ದು, ಶಾಸನವಾಗುವ ಬಗೆಯನ್ನು ನಾವು ಹಲಗೆಯ ಮೇಲೆ ಬರೆದು ತಿಳಿಸುತ್ತಿದ್ದೆವು. ಆಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಸರ್, ಒಂದು ಲಕ್ಷ ಜನ ಲೈಕ್ ಒತ್ತಿದರೆ ಕಾನೂನು ಬದಲಾಗುತ್ತದೆಯೇ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆದರೆ ಅಂದು ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಮನೆಗೆ ಮರಳುವಾಗ, ಸುತ್ತಲಿದ್ದವರೆಲ್ಲ ತಮ್ಮ ತಮ್ಮ ಮೊಬೈಲಿನ ಮೇಲೆ ಬಾಗಿ ಬೆರಳಾಡಿಸುತ್ತಿದ್ದುದನ್ನು ಕಂಡು, ಆ ಪ್ರಶ್ನೆ ನಗುವಂಥದಲ್ಲವೆಂದು ನಮಗೆ ತೋರಿತು. ದೇಶದ ಸುದ್ದಿ, ಪಕ್ಷಗಳ ವಾದ, ನಾಯಕರ ಭಾಷಣ, ಜನರ ಸಿಟ್ಟು ಎಲ್ಲವೂ ಇಂದು ಆ ಅಂಗೈಯಗಲದ ಗಾಜಿನ ಮೇಲೆಯೇ ನಮಗೆ ದೊರೆಯುತ್ತಿರುವಾಗ, ಅಲ್ಲಿ ಒತ್ತಿದ ಬೆರಳಿಗೆ ಎಷ್ಟು ಶಕ್ತಿಯಿದೆ ಎಂದು ಕೇಳುವುದು ಯೋಗ್ಯವೇ ಆಗಿದೆ. ಅಂದು ತರಗತಿಯಲ್ಲಿ ಕೊಡದೆ ಉಳಿದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಆ ಹುಡುಗನಿಗೂ ಅವನೊಡನೆ ನಿಮ್ಮೆಲ್ಲರಿಗೂ ಒಪ್ಪಿಸುತ್ತಿದ್ದೇವೆ.

ಹಳೆಯ ಸಾಧನ, ಹೊಸ ಸಾಧನ

ಸುದ್ದಿ ಸಾಗಿಸುವ ಸಾಧನಕ್ಕೂ ರಾಜಕೀಯ ಜಾಗೃತಿಗೂ ಇರುವ ನಂಟು ಹೊಸತಲ್ಲ. ನಮ್ಮ ಈ ಮುಂಬಯಿ ನಗರದಲ್ಲಿಯೇ ಅದಕ್ಕೊಂದು ಒಳ್ಳೆಯ ನಿದರ್ಶನವುಂಟು. ೧೯೪೨ರ ಆಗಸ್ಟ್ ೮ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿಯ ಕರೆ ಹೊರಟಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಇತರ ನಾಯಕರೂ ಸೆರೆಯಾಗಿದ್ದರು; ಪತ್ರಿಕೆಗಳ ಬಾಯಿ ಕಟ್ಟಲಾಗಿತ್ತು. ಆಗ ಉಷಾ ಮೆಹತಾ ಎಂಬ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿಯೂ ಅವರ ಕೆಲವು ಸಂಗಡಿಗರೂ ಸೇರಿ ಗುಪ್ತ ಬಾನುಲಿ ಕೇಂದ್ರವೊಂದನ್ನು ನಡೆಸಿದರು. ಆಗಸ್ಟ್ ೨೭ರಂದು ೪೨.೩೪ ಮೀಟರಿನ ತರಂಗದಲ್ಲಿ ಅದರ ಪ್ರಸಾರ ಆರಂಭವಾಯಿತು. ಪೊಲೀಸರ ಕಣ್ಣು ತಪ್ಪಿಸಲು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತ, ಪತ್ರಿಕೆಗಳು ಅಚ್ಚು ಮಾಡಲಾರದ ಸುದ್ದಿಯನ್ನು ಅವರು ದೇಶಕ್ಕೆ ತಿಳಿಸಿದರು. ನವೆಂಬರ್ ೧೨ರಂದು ಅವರು ಸಿಕ್ಕಿಬಿದ್ದರು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆಮನೆ ಪ್ರಾಪ್ತವಾಯಿತು. ಮುಂದೆ ಅವರೇ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸಿದರು.

ಆ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರವನ್ನು ಗಮನಿಸಿರಿ. ಅಂದು ಒಂದು ಮಾತನ್ನು ಸಾವಿರ ಜನರಿಗೆ ಮುಟ್ಟಿಸಲು ಯಂತ್ರ ಬೇಕಾಗಿತ್ತು, ಹಣ ಬೇಕಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಎದೆಗಾರಿಕೆ ಬೇಕಾಗಿತ್ತು. ಆಡುವ ಪ್ರತಿ ಮಾತಿಗೂ ಬೆಲೆ ತೆರಬೇಕಾಗಿದ್ದುದರಿಂದ ಅವರು ಮಾತನ್ನು ತೂಗಿ ಆಡುತ್ತಿದ್ದರು. ಇಂದು ಹಾಗಿಲ್ಲ. ಫೇಸ್‌ಬುಕ್ ೨೦೦೪ರಲ್ಲಿ, ಯೂಟ್ಯೂಬ್ ೨೦೦೫ರಲ್ಲಿ, ಈಗ 'ಎಕ್ಸ್' ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ ೨೦೦೬ರಲ್ಲಿ, ವಾಟ್ಸ್‌ಆ್ಯಪ್ ೨೦೦೯ರಲ್ಲಿ, ಇನ್‌ಸ್ಟಾಗ್ರಾಂ ೨೦೧೦ರಲ್ಲಿ ಹುಟ್ಟಿದವು. ೨೦೧೬ರ ತರುವಾಯ ನಮ್ಮ ದೇಶದಲ್ಲಿ ಅಂತರ್ಜಾಲದ ದರವು ಬಹಳ ಇಳಿದು, ಕೂಲಿಕಾರನ ಕೈಗೂ ಕಾಲೇಜಿನ ಹುಡುಗನ ಕೈಗೂ ಇವು ಒಂದೇ ಸಮನಾಗಿ ಬಂದವು. ಹಿಂದೆ ಒಬ್ಬನು ನುಡಿದು ಸಾವಿರ ಜನ ಕೇಳುತ್ತಿದ್ದರು. ಈಗ ಸಾವಿರ ಜನರೂ ನುಡಿಯಬಲ್ಲರು. ಇದು ಸಣ್ಣ ಮಾತಲ್ಲ. ಯಾರ ದೂರನ್ನು ಯಾವ ಪತ್ರಿಕೆಯೂ ಅಚ್ಚು ಮಾಡುತ್ತಿರಲಿಲ್ಲವೋ ಅಂಥವನಿಗೂ ಇಂದು ಒಂದು ಕಹಳೆ ದೊರೆತಿದೆ.

ಆದರೆ ಕಹಳೆ ಊದಲು ಬಂದ ಮಾತ್ರಕ್ಕೆ ಕಾಳಗ ಗೆದ್ದಂತಾಗುವುದಿಲ್ಲ.

ಒಂದು 'ಲೈಕ್' ಮತ್ತು ಒಂದು ಕಾನೂನು

ನಮ್ಮ ವಿದ್ಯಾರ್ಥಿಯು ಲೈಕಿನ ವಿಷಯವನ್ನೇ ಕೇಳಿದುದರಿಂದ ಒಂದು ಲೈಕಿನ ಕಥೆಯನ್ನೇ ಹೇಳುತ್ತೇವೆ. ಇದು ನಡೆದುದು ದೂರದ ದೇಶದಲ್ಲಿ ಅಲ್ಲ, ಪಶ್ಚಿಮ ರೈಲುಮಾರ್ಗದ ಪಾಲಘರದಲ್ಲಿ. ೨೦೧೨ರ ನವೆಂಬರ್ ೧೭ರಂದು ಶಿವಸೇನೆಯ ಸ್ಥಾಪಕರಾದ ಬಾಳ ಠಾಕರೆಯವರು ನಿಧನರಾದರು. ನಗರವೂ ಸುತ್ತಲಿನ ಊರುಗಳೂ ಸ್ತಬ್ಧವಾದವು. ಪಾಲಘರದ ತರುಣಿಯೊಬ್ಬಳು ಈ ಬಂದ್ ಏತಕ್ಕೆಂದು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಆ ಬರೆಹಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು.

ಅವರ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಎ ಕಲಮೂ ಒಂದು. 'ತೀರ ಆಕ್ಷೇಪಾರ್ಹ' ಎನಿಸುವ ಸಂದೇಶ ಕಳಿಸಿದವರಿಗೆ ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದೆಂದು ಅದರಲ್ಲಿ ಹೇಳಿತ್ತು. ಆಕ್ಷೇಪಾರ್ಹವೆಂದರೆ ಯಾವುದು? ಯಾರಿಗೆ? ಅದಕ್ಕೆ ಅಳತೆಗೋಲೇ ಇರಲಿಲ್ಲ. ಬಂಧನದ ಸುದ್ದಿ ಅದೇ ಫೇಸ್‌ಬುಕ್, ಟ್ವಿಟರುಗಳ ಮೂಲಕ ಕ್ಷಣಾರ್ಧದಲ್ಲಿ ದೇಶವೆಲ್ಲ ಹಬ್ಬಿತು. ಸಹಸ್ರಾರು ಜನರು ಖಂಡಿಸಿದರು. ಮುಂದೆ ಆ ತರುಣಿಯರ ಮೇಲಿನ ಮೊಕದ್ದಮೆಯನ್ನು ಕೈಬಿಡಲಾಯಿತು. ಆದರೆ ಕಾನೂನು ಮಾತ್ರ ಇದ್ದಲ್ಲಿಯೇ ಇತ್ತು. ಆ ಸಹಸ್ರಾರು ಖಂಡನೆಗಳಿಂದ ಅದರ ಒಂದು ಅಕ್ಷರವೂ ಅಳಿಯಲಿಲ್ಲ.

ಅದು ಅಳಿದುದು ಹೇಗೆ? ಶ್ರೇಯಾ ಸಿಂಘಲ್ ಎಂಬ ತರುಣಿ ಈ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಇತರರ ಅರ್ಜಿಗಳೂ ಅದರೊಡನೆ ಕೂಡಿದವು. ವಕೀಲರು ವಾದಿಸಿದರು, ಸರಕಾರವು ಪ್ರತಿವಾದಿಸಿತು, ಎರಡು ವರ್ಷಗಳಿಗೂ ಮಿಕ್ಕಿ ಕಾಲ ಕಳೆಯಿತು. ೨೦೧೫ರ ಮಾರ್ಚ್ ೨೪ರಂದು ನ್ಯಾಯಾಲಯವು ೬೬-ಎ ಕಲಮನ್ನು ಪೂರ್ತಿಯಾಗಿ ರದ್ದುಮಾಡಿತು. ಆ ತೀರ್ಪಿನಲ್ಲಿ ನೀವು ನೆನಪಿಡಬೇಕಾದ ವಿವೇಕದ ಮಾತೊಂದಿದೆ. ಒಂದು ವಿಷಯವನ್ನು ಚರ್ಚಿಸುವುದು ಬೇರೆ, ಅದನ್ನು ಪ್ರತಿಪಾದಿಸುವುದು ಬೇರೆ, ಜನರನ್ನು ಕೇಡಿಗೆ ಪ್ರಚೋದಿಸುವುದು ಬೇರೆ. ಮೊದಲಿನ ಎರಡು ಎಷ್ಟೇ ಕಹಿಯಾಗಿದ್ದರೂ ಸಂವಿಧಾನದ ೧೯ನೆಯ ವಿಧಿಯ ರಕ್ಷಣೆಯಲ್ಲಿವೆ. ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಅದನ್ನು ತಡೆಯುವ ಪ್ರಶ್ನೆ ಬರುತ್ತದೆ. ಇದು ಆ ತೀರ್ಪಿನ ತಿರುಳು.

ಹೀಗೆ ಲೈಕುಗಳು ಜನರ ಕಣ್ಣು ತೆರೆಸಿದವು. ಕಾನೂನನ್ನು ಬದಲಿಸಿದುದು ಒಂದು ಅರ್ಜಿ, ಒಂದು ವಾದ, ಬಹಳ ತಾಳ್ಮೆ.

ಜನ ಸೇರುವುದು, ಜನ ನಿಲ್ಲುವುದು

ಜಾಲತಾಣದ ಕರೆಗೆ ಲಕ್ಷಾವಧಿ ಜನ ಸೇರಿದ ಸಂದರ್ಭಗಳೂ ಇವೆ. ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯಾ ನಗರದಲ್ಲಿ ೨೦೧೦ರ ಜೂನ್ ತಿಂಗಳಿನಲ್ಲಿ ಖಾಲಿದ್ ಸಯೀದ್ ಎಂಬ ತರುಣನು ಪೊಲೀಸರ ಹೊಡೆತಕ್ಕೆ ಸಿಕ್ಕಿ ಸತ್ತನು. 'ನಾವೆಲ್ಲರೂ ಖಾಲಿದ್ ಸಯೀದ್' ಎಂಬ ಫೇಸ್‌ಬುಕ್ ಪುಟವೊಂದು ಹುಟ್ಟಿತು. ೨೦೧೧ರ ಜನವರಿ ೨೫ರಂದು ಬೀದಿಗೆ ಇಳಿಯಿರೆಂದು ಆ ಪುಟವೂ ಇತರ ತರುಣ ಸಂಘಟನೆಗಳೂ ಕರೆಯಿತ್ತವು. ಕೈರೋ ನಗರದ ತಹ್ರೀರ್ ಚೌಕವು ಜನರಿಂದ ತುಂಬಿತು. ಗಾಬರಿಗೊಂಡ ಸರಕಾರವು ಜನವರಿ ೨೮ರ ಹೊತ್ತಿಗೆ ದೇಶದ ಅಂತರ್ಜಾಲವನ್ನೇ ಕಡಿದುಹಾಕಿತು. ಆಗ ಮನೆಯಲ್ಲಿ ಕುಳಿತು ನೋಡುತ್ತಿದ್ದವರೂ ಹೊರಬಂದರು. ಗುಂಪು ಕರಗುವ ಬದಲು ಬೆಳೆಯಿತು. ಸುಮಾರು ಮೂವತ್ತು ವರ್ಷ ಆಳಿದ ಹೋಸ್ನಿ ಮುಬಾರಕ್ ಫೆಬ್ರವರಿ ೧೧ರಂದು ಪದವಿಯಿಂದ ಇಳಿದರು.

ಹದಿನೆಂಟು ದಿನಗಳಲ್ಲಿ ಆದ ಈ ಕಾರ್ಯವನ್ನು ಕಂಡು ಜಗತ್ತು ಬೆರಗಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚೌಕದಲ್ಲಿ ಸೇರಿದ್ದ ತರುಣರಿಗೆ ಯಾರು ಹೋಗಬೇಕೆಂಬುದು ತಿಳಿದಿತ್ತು. ಯಾರು ಬರಬೇಕು, ಯಾವ ನಿಯಮದಿಂದ ಆಳಬೇಕು ಎಂಬುದರಲ್ಲಿ ಒಮ್ಮತವಿರಲಿಲ್ಲ. ಹಳ್ಳಿಹಳ್ಳಿಗೆ ಹಬ್ಬಿದ ಸಂಘಟನೆ ಅವರಿಗಿರಲಿಲ್ಲ. ಅಂಥ ಸಂಘಟನೆಯುಳ್ಳ ಇತರರು ಚುನಾವಣೆಯಲ್ಲಿ ಗೆದ್ದರು. ೨೦೧೩ರ ಜುಲೈ ತಿಂಗಳಿನಲ್ಲಿ ಸೇನೆಯು ಅವರನ್ನೂ ಕೆಳಗಿಳಿಸಿ ಅಧಿಕಾರವನ್ನು ವಶಪಡಿಸಿಕೊಂಡಿತು. ಒಂದು ರಾತ್ರಿಯ ಮಳೆಗೆ ಹಳ್ಳ ತುಂಬಿ ಹರಿಯಬಹುದು. ಒಡ್ಡು ಕಟ್ಟದಿದ್ದರೆ ಬೇಸಿಗೆಗೆ ನೀರು ಉಳಿಯದು. ಬಯಲುಸೀಮೆಯಿಂದ ಬಂದ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಡ್ಡು ಕಟ್ಟಿದ ಉದಾಹರಣೆಯನ್ನೂ ನೋಡೋಣ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ೬.೭ ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯೊಂದನ್ನು ಕಟ್ಟಲು ಕರ್ನಾಟಕ ಸರಕಾರವು ೨೦೧೬ರಲ್ಲಿ ನಿರ್ಧರಿಸಿತು. ವೆಚ್ಚ ಸುಮಾರು ೧,೭೯೧ ಕೋಟಿ ರೂಪಾಯಿ. ಅದಕ್ಕಾಗಿ ೮೧೨ ಮರಗಳು ಉರುಳಬೇಕಾಗಿದ್ದವು. 'ಉಕ್ಕಿನ ಸೇತುವೆ ಬೇಡ' ಎಂಬ ಕೂಗು ಮೊದಲು ಎದ್ದುದು ಜಾಲತಾಣಗಳಲ್ಲಿ. ಆದರೆ ಕೂಗು ಎಬ್ಬಿಸಿದ ನಾಗರಿಕರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಯೋಜನೆಯ ಕಾಗದಪತ್ರಗಳನ್ನು ಓದಿದರು. ಜನರ ಅಭಿಪ್ರಾಯ ಕೇಳಿದಿರಾ ಎಂದು ಸರಕಾರವನ್ನು ಪ್ರಶ್ನಿಸಿದರು. ಅಕ್ಟೋಬರ್ ೧೬ರ ಭಾನುವಾರ ಸಾವಿರಾರು ಜನರು ಆ ರಸ್ತೆಯುದ್ದಕ್ಕೂ ಕೈಕೈ ಹಿಡಿದು ಸರಪಳಿಯಂತೆ ನಿಂತರು. ಜೊತೆಯಲ್ಲಿಯೇ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಪೀಠದ ಮುಂದೆ ಹೋಗಿ, ಅದೇ ತಿಂಗಳು ತಡೆಯಾಜ್ಞೆ ದೊರೆಯಿತು. ೨೦೧೭ರ ಮಾರ್ಚ್ ೨ರಂದು ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಇಲ್ಲಿ ಬೆರಳು ಕರೆಯಿತು, ಕಾಲು ನಡೆಯಿತು, ಕಣ್ಣು ಓದಿತು. ಮೂರೂ ಕೂಡಿದುದರಿಂದ ಕಾರ್ಯವಾಯಿತು.

ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. 'ಬೇಡ' ಎಂದು ತಡೆಯುವುದಕ್ಕೆ ಕೆಲವು ತಿಂಗಳು ಸಾಕಾದವು. 'ಬೇಕು' ಎಂದು ಪಡೆಯುವುದು ಅದಕ್ಕಿಂತ ಕಠಿನ. ಬೆಂಗಳೂರಿಗೆ ನಮ್ಮ ಮುಂಬಯಿಯಂತೆ ಉಪನಗರ ರೈಲು ಬೇಕೆಂಬ ಬೇಡಿಕೆಯು ದಶಕಗಳಷ್ಟು ಹಳೆಯದು. ಅದರ ಶಂಕುಸ್ಥಾಪನೆಯಾದುದು ೨೦೨೨ರ ಜೂನ್ ತಿಂಗಳಿನಲ್ಲಿ. ಹಾಗೆಯೇ, ಕೈಯಲ್ಲಿ ಒಳ್ಳೆಯ ಫೋನೂ ಬಾಯಲ್ಲಿ ಇಂಗ್ಲಿಷೂ ಉಳ್ಳವರ ಬೇಡಿಕೆ ಬೇಗ ಕೇಳಿಸುತ್ತದೆ. ಇವೆರಡೂ ಇಲ್ಲದವರ ಬೇಡಿಕೆ ಜಾಲದಲ್ಲಿಯೂ ಕೇಳಿಸುವುದು ಕಡಿಮೆ. ಅಲ್ಲಿ ಕಾಣದ ದುಃಖವು ಲೋಕದಲ್ಲಿಯೇ ಇಲ್ಲವೆಂದು ನಾವು ಭಾವಿಸಬಾರದು.

ಸುಳ್ಳಿನ ಕಾಲು ಏಕೆ ಚುರುಕು?

ಇಷ್ಟು ಹೇಳಿದ ಮೇಲೆ ಈ ಸಾಧನದ ಒಳಗುಟ್ಟನ್ನೂ ತಿಳಿಯಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬುಗಳು ನಮ್ಮಿಂದ ಹಣ ಕೇಳುವುದಿಲ್ಲ. ಅವುಗಳ ಆದಾಯದ ಬಹುಭಾಗ ಬರುವುದು ಜಾಹೀರಾತಿನಿಂದ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತು ಹೆಚ್ಚು, ಆದಾಯ ಹೆಚ್ಚು. ಆದುದರಿಂದ ನಮ್ಮ ಮುಂದೆ ಯಾವುದನ್ನು ಮೊದಲು ಇಡಬೇಕೆಂದು ಲೆಕ್ಕ ಹಾಕುವ ಗಣಕಯಂತ್ರವು, ನಾವು ಹಿಂದೆ ಯಾವುದರ ಮೇಲೆ ತಡೆದು ನಿಂತೆವು, ಯಾವುದನ್ನು ಮೆಚ್ಚಿದೆವು, ಯಾವುದಕ್ಕೆ ಕೆರಳಿ ಉತ್ತರಿಸಿದೆವು ಎಂಬುದನ್ನು ನೋಡಿ ಅಂಥದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಅದಕ್ಕೆ ಬೇಕಾದುದು ನಮ್ಮ ಹೊತ್ತು. ಸುದ್ದಿ ನಿಜವೋ ಸುಳ್ಳೋ ಎಂಬುದು ಅದರ ಮೊದಲ ಚಿಂತೆಯಲ್ಲ. ಹೀಗೆ ಒಂದು ಪಕ್ಷದವನಿಗೆ ಅದೇ ಪಕ್ಷದ ಮಾತು, ಇನ್ನೊಂದು ಪಕ್ಷದವನಿಗೆ ಆ ಪಕ್ಷದ ಮಾತು ಕಂಡು, ಇಬ್ಬರಿಗೂ ಲೋಕವೆಲ್ಲ ತಮ್ಮಂತೆಯೇ ಯೋಚಿಸುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೂವರು ಸಂಶೋಧಕರು ೨೦೦೬ರಿಂದ ೨೦೧೭ರವರೆಗೆ ಟ್ವಿಟರಿನಲ್ಲಿ ಹಬ್ಬಿದ ಸುಮಾರು ೧,೨೬,೦೦೦ ಸುದ್ದಿಗಳನ್ನು ಪರಿಶೀಲಿಸಿ, ೨೦೧೮ರಲ್ಲಿ 'ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ನಿಜಸುದ್ದಿಗಿಂತ ಸುಳ್ಳುಸುದ್ದಿಯನ್ನು ಜನರು ಮುಂದಕ್ಕೆ ಹಂಚುವ ಸಂಭವವು ನೂರಕ್ಕೆ ಎಪ್ಪತ್ತರಷ್ಟು ಹೆಚ್ಚಾಗಿತ್ತು. ಅದರಲ್ಲಿಯೂ ರಾಜಕೀಯದ ಸುಳ್ಳು ಎಲ್ಲಕ್ಕಿಂತ ವೇಗವಾಗಿ ಓಡಿತ್ತು. ಇದಕ್ಕೆ ಯಂತ್ರಗಳು ಕಾರಣವೇ ಎಂದು ನೋಡಿದರೆ, ಅಲ್ಲ, ಮನುಷ್ಯರೇ ಕಾರಣ. ಸುಳ್ಳಿಗೆ ಹೊಸತನದ ಬಣ್ಣವಿರುತ್ತದೆ. ಅದು ಬೆರಗನ್ನೂ ಹೇಸಿಕೆಯನ್ನೂ ಹುಟ್ಟಿಸುತ್ತದೆ. ಅಂಥದನ್ನು ಇನ್ನೊಬ್ಬನಿಗೆ ಹೇಳದೆ ಇರಲು ನಮಗೆ ಆಗುವುದಿಲ್ಲ.

ವಾಟ್ಸ್‌ಆ್ಯಪಿನ ಬಗೆ ಬೇರೆ. ಅಲ್ಲಿ ಮಾತಿಗೆ ಬಲ ಬರುವುದು ಕಳಿಸಿದವನ ಮೇಲಿನ ನಂಬಿಕೆಯಿಂದ. ಮಾವ ಕಳಿಸಿದ್ದಾರೆ, ಅಕ್ಕ ಕಳಿಸಿದ್ದಾಳೆ, ಗುರುಗಳು ಕಳಿಸಿದ್ದಾರೆ, ಅಂದಮೇಲೆ ನಿಜವಿರಬೇಕು. ಈ ನಂಬಿಕೆಯು ಎಂಥ ಅನರ್ಥಕ್ಕೆ ದಾರಿಯಾಗಬಲ್ಲದೆಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ತಪ್ಪಿನಿಂದಲೇ ಕಲಿತೆವು.

ನಾವು ಮಾಡಿದ ಒಂದು ತಪ್ಪು

೨೦೧೮ರ ಜೂನ್ ತಿಂಗಳು. ಶಾಲೆ ಆಗತಾನೆ ತೆರೆದಿತ್ತು. ಮಕ್ಕಳ ಕಳ್ಳರು ನಗರಕ್ಕೆ ಬಂದಿದ್ದಾರೆ, ಎಚ್ಚರವಿರಲಿ ಎಂಬ ಸಂದೇಶವೊಂದು ದೃಶ್ಯದ ತುಣುಕಿನೊಡನೆ ನಮ್ಮ ಫೋನಿಗೆ ಬಂದಿತು. ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವದು. ನಾವು ಹಿಂದುಮುಂದು ನೋಡಲಿಲ್ಲ. ಎಚ್ಚರಿಕೆ ಹೇಳುವುದರಲ್ಲಿ ಕೆಡುಕೇನು ಎಂದುಕೊಂಡು, ನಮ್ಮ ತರಗತಿಯ ಪಾಲಕರ ಗುಂಪಿಗೆ ಅದನ್ನು ಕಳಿಸಿಬಿಟ್ಟೆವು. ಮರುದಿನ ತರಗತಿಯಲ್ಲಿ ಬಹಳ ಬೆಂಚುಗಳು ಬರಿದಾಗಿದ್ದವು. ಮಗನನ್ನು ಕೈಹಿಡಿದು ತಂದು ಬಿಟ್ಟ ತಾಯಿಯೊಬ್ಬರು ಬಾಗಿಲಲ್ಲಿ ನಿಂತು ಹೇಳಿದರು: "ನಿನ್ನೆ ರಾತ್ರಿ ನಮ್ಮ ಚಾಳಿನ್ಯಾಗ ಚಾದರ ಮಾರಾಂವನ್ನ ಹಿಡದು ನಿಲ್ಲಿಸಿದ್ರು ಸರ್. ಹೊಡಿಯಾಕ ಕೈ ಎತ್ತಿದ್ರು. ಸಾಲಿ ಸರ್ ಕಳಿಸ್ಯಾರ, ಸುಳ್ಳು ಹ್ಯಾಂಗಾದೀತು ಅಂತ ಎಲ್ಲಾರೂ ಅಂತಿದ್ರು."

ಅವನು ಉಳಿದುಕೊಂಡುದು ಒಬ್ಬ ಮುದುಕಿಯಿಂದ. ಆಕೆ ನಡುವೆ ನುಗ್ಗಿ, ಇವನು ಸೊಲ್ಲಾಪುರದವನು, ಹತ್ತು ವರ್ಷಗಳಿಂದ ಇವನ ಬಳಿ ಚಾದರ ಕೊಂಡಿದ್ದೇನೆ ಎಂದಳಂತೆ. ಆಕೆಗೆ ಓದು ಬಾರದು, ಫೋನೂ ಇರಲಿಲ್ಲ. ಓದುಬಲ್ಲ ನಾವು ಸುಳ್ಳನ್ನು ಕಳಿಸಿದ್ದೆವು. ಓದುಬಾರದ ಆಕೆ ತಾನು ಕಂಡ ನಿಜವನ್ನು ಹೇಳಿದಳು.

ಅಂದು ದೇಶದಾದ್ಯಂತ ಹಬ್ಬಿದ ಆ ತುಣುಕಿನ ನಿಜಸಂಗತಿ ಆಮೇಲೆ ಬೆಳಕಿಗೆ ಬಂದಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ತಿಳಿವಳಿಕೆಯ ಚಿತ್ರ. ಕೊನೆಯಲ್ಲಿ ಆ ಸವಾರರೇ ಮಗುವನ್ನು ಮರಳಿ ತಂದುಬಿಟ್ಟು, ಜಾಗರೂಕರಾಗಿರಿ ಎಂಬ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಉಳಿದುದನ್ನು ಹರಿಯಬಿಟ್ಟಿದ್ದರು. ತುಣುಕು ಸುಳ್ಳಲ್ಲ, ತುಂಡಾದ ನಿಜ. ಅದೇ ಹೆಚ್ಚು ಅಪಾಯಕಾರಿ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಹಿರಿಯರ ಗಾದೆ ಈ ಕಾಲಕ್ಕೆಂದೇ ಹುಟ್ಟಿದಂತಿದೆ.

ಚಾದರ ಮಾರುವವನು ಉಳಿದನು, ಎಲ್ಲರೂ ಉಳಿಯಲಿಲ್ಲ. ಜುಲೈ ೧ರಂದು ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ, ಸೊಲ್ಲಾಪುರ ಜಿಲ್ಲೆಯಿಂದ ಬಂದಿದ್ದ ಅಲೆಮಾರಿ ಗೋಸಾವಿ ಜನಾಂಗದ ಐವರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆದು ಕೊಂದಿತು. ಜುಲೈ ೧೩ರಂದು ನಾವು ಹುಟ್ಟಿ ಬೆಳೆದ ಬೀದರ ಜಿಲ್ಲೆಯಲ್ಲಿಯೇ, ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಇನ್ನೊಂದು ಘೋರ ನಡೆಯಿತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಇವರು ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿತು. ಪೊಲೀಸರು ತಡೆಯಲೆತ್ನಿಸಿದರೂ ಕೇಳದೆ ಜನ ಹೊಡೆದರು. ತರುಣ ಎಂಜಿನಿಯರನೊಬ್ಬನು ಸತ್ತನು; ಉಳಿದವರು ಗಾಯಗೊಂಡರು. ಆ ಜನ ನಾವು ಬಲ್ಲ ಜನ. ಬಂದ ಪರದೇಶಿಗೆ ರೊಟ್ಟಿ ಕೊಟ್ಟು, ನೀರು ಕೊಟ್ಟು ಕಳಿಸುವ ಜನ. ಅಂಥವರ ಕೈಯಲ್ಲಿ ಕಲ್ಲು ಬಂದುದು ಹೇಗೆಂದು ಯೋಚಿಸುವಾಗಲೆಲ್ಲ ಪಾಲಕರ ಗುಂಪಿಗೆ ನಾವು ಕಳಿಸಿದ ಆ ಸಂದೇಶವೇ ಕಣ್ಣ ಮುಂದೆ ಬರುತ್ತದೆ.

ಈ ಅನಾಹುತಗಳ ತರುವಾಯ ವಾಟ್ಸ್‌ಆ್ಯಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ಕಳಿಸಬಹುದೆಂಬ ಮಿತಿ ಹಾಕಿತು. ೨೦೨೦ರ ಏಪ್ರಿಲ್ ತಿಂಗಳಿನಲ್ಲಿ, ಬಹಳ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಿತು. ಕಂಪನಿಯ ಮಿತಿಯೇನೋ ಒಳ್ಳೆಯದೇ. ನಮ್ಮ ಬೆರಳಿಗೆ ನಾವೇ ಹಾಕಿಕೊಳ್ಳುವ ಮಿತಿ ಅದಕ್ಕಿಂತ ಒಳ್ಳೆಯದು.

ಇದಕ್ಕೂ ರಾಜಕೀಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಮಕ್ಕಳ ಕಳ್ಳರ ವದಂತಿ ಸಾಗಿದ ದಾರಿಯಲ್ಲಿಯೇ ಚುನಾವಣೆಯ ಕಾಲಕ್ಕೆ ಅಭ್ಯರ್ಥಿಗಳ ಮೇಲಿನ ದೂರು, ಜಾತಿಮತಗಳ ಮೇಲಿನ ನಿಂದೆ, ತಿರುಚಿದ ಭಾಷಣ ಎಲ್ಲವೂ ಸಾಗುತ್ತವೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ನಾಯಕನೊಬ್ಬನು ಆಡದ ಮಾತನ್ನು ಅವನ ದನಿಯಲ್ಲಿಯೇ ಆಡಿಸುವುದೂ ಈಗ ಸಾಧ್ಯವಾಗಿದೆ. ೨೦೨೪ರ ಲೋಕಸಭಾ ಚುನಾವಣೆಯ ವೇಳೆಗೆ, ಅಂಥ ಸುಳ್ಳು ದೃಶ್ಯಗಳು ತಮ್ಮ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆದುಹಾಕಬೇಕೆಂದು ಚುನಾವಣಾ ಆಯೋಗವು ಪಕ್ಷಗಳಿಗೆ ಸೂಚಿಸಬೇಕಾಯಿತು. ಒಂದು ವದಂತಿಯ ಮುಂದೆ ಕ್ಷಣಕಾಲ ತಡೆದು ನಿಲ್ಲಲಾರದವನು ಮತಪೆಟ್ಟಿಗೆಯ ಮುಂದೆ ಹೇಗೆ ವಿವೇಚಿಸಿಯಾನು?

ಹಾಗಾದರೆ ವಿದ್ಯಾರ್ಥಿಗಳು ಮಾಡಬೇಕಾದುದೇನು?

ಜಾಲತಾಣವನ್ನು ಮುಟ್ಟಲೇಬೇಡಿರೆಂದು ನಾವು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವುದೂ ಇಲ್ಲ. ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇದನ್ನು ಮೊದಲು ಹೇಳಿದವರು ಯಾರು? ಇದು ಎಂದು, ಎಲ್ಲಿ ನಡೆದುದು? ಇದರ ಮುಂದಿನ ಮತ್ತು ಹಿಂದಿನ ಭಾಗ ಎಲ್ಲಿದೆ? ಮೂರಕ್ಕೂ ಉತ್ತರ ದೊರೆಯದಿದ್ದರೆ ಆ ಸಂದೇಶ ನಿಮ್ಮಲ್ಲಿಯೇ ನಿಲ್ಲಲಿ. ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತೆಂದರೆ, ಯಾರೋ ಅದನ್ನು ಏರಿಸುವುದಕ್ಕೆಂದೇ ಬರೆದಿರಬಹುದೆಂದು ಶಂಕಿಸಿರಿ. ತಪ್ಪು ಕಳಿಸಿದಿರೆಂದು ತಿಳಿದರೆ ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಳ್ಳಿರಿ. ೨೦೧೮ರ ಆ ದಿನ ಸಂಜೆ ನಾವೂ ಹಾಗೆ ಬರೆದೆವು. ನಾಚಿಕೆಯೇನೋ ಆಯಿತು, ಮರುದಿನ ಬೆಂಚುಗಳು ತುಂಬಿದವು.

ಎರಡನೆಯದಾಗಿ, ಬೆರಳು ಆರಂಭಿಸಿದ ಕೆಲಸವನ್ನು ಕಾಲಿನಿಂದ ಮುಗಿಸಲು ಕಲಿಯಿರಿ. ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಗೇಟಿನೆದುರಿನ ಗಟಾರದ ಮುಚ್ಚಳ ಒಡೆದಿದ್ದುದು ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಅಣ್ಣನು ಅದರ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದನು. ನಾಲ್ಕು ನೂರು ಲೈಕುಗಳು ಬಂದವು. ಮುಚ್ಚಳ ಬರಲಿಲ್ಲ. ಆಗ ಆ ತರಗತಿಯ ಮಕ್ಕಳು ಮರಾಠಿ ಶಿಕ್ಷಕಿಯವರ ಸಹಾಯದಿಂದ ಶುದ್ಧ ಮರಾಠಿಯಲ್ಲಿ ಒಂದು ಅರ್ಜಿ ಬರೆದರು. ಅದೇ ಚಿತ್ರವನ್ನು ಅದಕ್ಕೆ ಲಗತ್ತಿಸಿದರು. ಪಾಲಕರ ವಾಟ್ಸ್‌ಆ್ಯಪ್ ಗುಂಪಿನ ಮೂಲಕವೇ ತಿಳಿಸಿ, ಅರವತ್ತೆರಡು ಪಾಲಕರ ರುಜು ಪಡೆದರು. ವಾರ್ಡ್ ಕಚೇರಿಗೆ ಹೋಗಿ ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದರು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ ನಾಳೆ ಬನ್ನಿರೆಂದರು. ಮೂರನೆಯ ಸಲ ಎಂಜಿನಿಯರು ಬಂದು ನೋಡಿದರು. ಮೂರನೆಯ ತಿಂಗಳಿಗೆ ಹೊಸ ಮುಚ್ಚಳ ಬಿದ್ದಿತು. ಇಂದು ನೀವು ನಿರ್ಭಯವಾಗಿ ದಾಟುವ ಆ ಮುಚ್ಚಳವು ಬೆರಳಿನಿಂದ ಆರಂಭವಾಗಿ ಕಾಲಿನಿಂದ ಪೂರ್ತಿಯಾದ ಕಾರ್ಯ.

ಸರಕಾರದ ಕಾಗದವನ್ನು ನೋಡಬೇಕಾದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಕೇಂದ್ರದ ಕಚೇರಿಗಳಲ್ಲಿ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆಂಬುದು ನಿಯಮ. ಹದಿನೆಂಟು ತುಂಬಿದ ಮೇಲೆ ಮತದಾನದ ಹಕ್ಕು ನಿಮ್ಮ ಕೈ ಸೇರುತ್ತದೆ. ೧೯೮೯ಕ್ಕೆ ಮೊದಲು ಅದಕ್ಕಾಗಿ ಇಪ್ಪತ್ತೊಂದು ವರ್ಷ ತುಂಬುವವರೆಗೆ ಕಾಯಬೇಕಾಗಿತ್ತು. ನಾವು ಪರಊರಿನಿಂದ ಬಂದವರು, ಇಲ್ಲಿಯ ವಿಚಾರ ನಮಗೇಕೆ ಎಂದು ನಿಮ್ಮ ಮನೆಗಳಲ್ಲಿ ಯಾರಾದರೂ ಅಂದರೆ, ಈ ಮುಚ್ಚಳದ ಕಥೆಯನ್ನು ಅವರಿಗೆ ಹೇಳಿರಿ. ಯಾವ ಬೀದಿಯಲ್ಲಿ ನಮ್ಮ ಮಕ್ಕಳು ನಡೆಯುತ್ತಾರೋ ಆ ಬೀದಿ ನಮ್ಮದೇ.

ಇನ್ನು ಆ ಹುಡುಗನ ಪ್ರಶ್ನೆಗೆ ಉತ್ತರ. ಮಗೂ, ಒಂದು ಲಕ್ಷ ಲೈಕುಗಳಿಂದ ಕಾನೂನು ಬದಲಾಗುವುದಿಲ್ಲ. ಆದರೆ ಕಾನೂನು ಬದಲಾಗಬೇಕೆಂದು ಒಂದು ಲಕ್ಷ ಜನರಿಗೆ ಅದರಿಂದ ತಿಳಿಯಬಹುದು. ಅವರಲ್ಲಿ ನೂರು ಜನ ಎದ್ದು ನಿಂತು, ಹತ್ತು ಜನ ಕಾಗದಗಳನ್ನು ಓದಿ, ಒಬ್ಬರು ಅರ್ಜಿ ಹಿಡಿದು ಬಾಗಿಲು ಬಡಿದರೆ, ಅದು ಬದಲಾದೀತು. ಆ ಒಬ್ಬರಲ್ಲಿ ನೀನೂ ಒಬ್ಬನಾಗು. ಸುಳ್ಳಿನ ಸಂದೇಶ ಬಂದಾಗ, ಚಾಳಿನ ಆ ಮುದುಕಿಯಂತೆ ನಡುವೆ ನುಗ್ಗಿ ಕಂಡ ನಿಜವನ್ನು ಹೇಳುವವರಲ್ಲಿಯೂ ನೀನು ಒಬ್ಬನಾಗು. ನಿಮ್ಮೆಲ್ಲರಿಂದಲೂ ನಾವು ಬಯಸುವುದು ಇಷ್ಟೇ.